ಮಂಗಳವಾರದ ಜ್ವರ

ಹೊಸದುರ್ಗದಲ್ಲಿ ಮುರುಗಪ್ಪನ ವೆಲ್ಡಿಂಗ್ ಶಾಪಿನ ಪಕ್ಕದ ಮಳಿಗೆ ನನ್ನದು. ಸುಟ್ಟ ಪಂಪ್ ಮೋಟಾರುಗಳಿಗೆ ತಂತಿ ಸುತ್ತುವ ಕೆಲಸ. ನಮ್ಮಿಬ್ಬರ ನಡುವೆ ಇದ್ದದ್ದು ಒಂದು ತಗಡಿನ ಗೋಡೆ ಅಷ್ಟೇ. ಹಾಗಾಗಿ ಅವನ ಹೊಗೆ, ಅವನ ಬಾಯಿ, ಎರಡನ್ನೂ ಇಷ್ಟು ವರ್ಷ ಸಹಿಸಿದವನು ನಾನು. ಗೋಡೆಯಾಚೆಯಿಂದ ಅವನು ಕೂಗಿದರೆ ಬಸ್‌ ಸ್ಟ್ಯಾಂಡಿಗೆ ಕೇಳಿಸುತ್ತಿತ್ತು. ತನಗೆ ತಿಳಿಯದ್ದು ಲೋಕದಲ್ಲೇ ಇಲ್ಲ ಎಂಬ ಧಾಟಿ. ಆದರೆ ಅವನು ಹಾಕಿದ ಬೆಸುಗೆ ಬಿಟ್ಟದ್ದನ್ನು ಮಾತ್ರ ನಾನು ಕಂಡಿಲ್ಲ.

ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡದ ಮನೆತನ ಅವನದು. ಅದೇ ರೂಢಿಯಲ್ಲಿ ಸೋಮವಾರ ಶಾಪಿಗೂ ರಜೆ. ಮಂಗಳವಾರ ಶೆಟರ್ ಎತ್ತಿ, ಸತು ಲೇಪಿಸಿದ ಜಿಐ ಪೈಪುಗಳನ್ನು ಬೆಸೆಯಲು ಕೂತರೆ ಬಿಳಿ ಹೊಗೆ ಶಾಪು ತುಂಬುತ್ತಿತ್ತು. ಸಂಜೆಗೆ ಚಳಿ, ಮೈಕೈ ನೋವು, ಬಾಯೆಲ್ಲ ಲೋಹದ ರುಚಿ, ಹಿಂದೆಯೇ ಜ್ವರ. ಹೆಂಡತಿ ಅನುಸೂಯ ಬೆಲ್ಲ ತಿನ್ನಿಸಿ ಹಾಲು ಕುಡಿಸಿ ಮಲಗಿಸುತ್ತಿದ್ದಳು. ಬೆಳಗಾದರೆ ಜ್ವರ ಮಾಯ. ಆಮೇಲೆ ವಾರವಿಡೀ ಅದೇ ಹೊಗೆಯಲ್ಲಿ ಕೂತರೂ ಅವನಿಗೆ ಏನೂ ಆಗುತ್ತಿರಲಿಲ್ಲ.

ಒಮ್ಮೆ ಮತ್ತೋಡಿನ ಕಡೆ ದೊಡ್ಡ ದನದ ಶೆಡ್ಡಿನ ಕೆಲಸ ಸಿಕ್ಕಿತು. ಮುಗಿಸುವ ಗಡಿಬಿಡಿಯಲ್ಲಿ ಸೋಮವಾರಗಳನ್ನೂ ಬಿಡದೆ ದುಡಿದ. ಜ್ವರ ಬರಲೇ ಇಲ್ಲ.

"ಲೇ, ಗೊತ್ತಾತು ಕಣಲೇ!" ಎಂದು ಕುಣಿಯುತ್ತಾ ನನ್ನ ಮಳಿಗೆಗೆ ಬಂದ. "ಜ್ವರ ತರೋದು ಹೊಗೆ ಅಲ್ಲ, ರಜೆ! ಸುಮ್ನೆ ಕುಂತ್ರೆ ಮೈ ಕೆಡ್ತೈತೆ."

"ಹೊಗೆ ಕುಡ್ದು ಆರೋಗ್ಯವಂತ ಆದೋನು ನೀನೊಬ್ನೇ ನೋಡಪ್ಪ," ಎಂದು ಗೇಲಿ ಮಾಡಿದೆ. ಆದರೆ ಜ್ವರ ನಿಂತದ್ದು ನಿಜ.

ಅವನು ಅಷ್ಟಕ್ಕೇ ಬಿಡಲಿಲ್ಲ. ಅನುಸೂಯಳ ತಮ್ಮ ಕೊಟ್ರೇಶ್ ಇವನ ಹತ್ತಿರವೇ ಕಸುಬು ಕಲಿತು ಹೊಳಲ್ಕೆರೆಯಲ್ಲಿ ಶಾಪು ಇಟ್ಟಿದ್ದ. ಅವನಿಗೂ ರಜೆಯ ಮಾರನೇ ದಿನ ಅದೇ ಜ್ವರ. ಇವನು ಫೋನಿನಲ್ಲೇ ಮದ್ದು ಹೇಳಿದ: ರಜೆ ಮಾಡಬ್ಯಾಡ. ಅವನ ಜ್ವರವೂ ನಿಂತಿತು. ಅಂದಿನಿಂದ ಕೊಟ್ರೇಶನಿಗೆ ಭಾವನ ಮಾತೆಂದರೆ ವೇದವಾಕ್ಯ.

ಕೆಲವು ವರ್ಷ ಹೀಗೇ ನಡೆಯಿತು. ಮೊದಲು ಬಂದದ್ದು ಬೆಳಗಿನ ಕೆಮ್ಮು. ಆಮೇಲೆ ಪೈಪು ಎತ್ತುವಾಗ ಏದುಸಿರು. ಗೋಡೆಯಾಚೆಯ ಕೂಗು ಯಾವಾಗ ನಿಂತಿತೋ ನನಗೆ ತಿಳಿಯಲೇ ಇಲ್ಲ. ಒಂದು ದಿನ ಚಹಾ ಬೇಕೆಂದು ಕೇಳಲು ಎದ್ದು ನನ್ನ ಬಾಗಿಲಿಗೇ ಬಂದ, ಚೌಕಟ್ಟು ಹಿಡಿದು ನಿಂತ, ಕೈಸನ್ನೆ ಮಾಡಿದ. ನನಗೆ ಹೆದರಿಕೆಯಾಯಿತು.

ಅನುಸೂಯ ಹಟ ಹಿಡಿದು ಚಿತ್ರದುರ್ಗಕ್ಕೆ ಹೊರಡಿಸಿದಳು. ಜೊತೆಗೆ ನಾನೂ ಹೋದೆ. ಡಾಕ್ಟರು ಎಕ್ಸ್‌ರೇ ನೋಡಿ, ಊದಿಸಿ ಪರೀಕ್ಷೆ ಮಾಡಿ, ಎಲ್ಲ ಕೇಳಿಸಿಕೊಂಡರು.

"ದಿನಾ ಹೊಗೆ ಕುಡಿದರೆ ಮೈ ಒಗ್ಗಿಕೊಳ್ಳುತ್ತೆ, ಜ್ವರ ತೋರಿಸಲ್ಲ. ರಜೆ ಮಾಡಿದರೆ ಆ ಒಗ್ಗಿದ್ದು ಹೋಗುತ್ತೆ, ಮತ್ತೆ ಹೊಗೆ ಬಿದ್ದಾಗ ಜ್ವರ ಬರುತ್ತೆ. ಜ್ವರ ನಿಂತಿತು ನಿಜ. ಹೊಗೆ ಒಳಗೆ ಹೋಗೋದು ನಿಂತಿರಲಿಲ್ಲವಲ್ಲ. ಕೆಟ್ಟುಹೋದ ಶ್ವಾಸಕೋಶ ಮೊದಲಿನಂತೆ ಆಗಲ್ಲ. ಇನ್ನು ಆ ಕೆಲಸ ಬೇಡ."

ಮುರುಗಪ್ಪ ತನ್ನ ವಿಷಯ ಕೇಳಲೇ ಇಲ್ಲ. "ನಮ್ ಭಾಮೈದ... ಈಗ ನಿಲ್ಸಿದ್ರೆ?" ಎಂದ.

"ಎಷ್ಟು ಬೇಗ ಹೊಗೆ ತಪ್ಪಿಸಿದರೆ ಅಷ್ಟು ಉಳಿಯುತ್ತೆ."

ಬರುವಾಗ ಹೊಳಲ್ಕೆರೆಯಲ್ಲಿ ಇಳಿದೆವು. ಧೂಳು ಬರದಿರಲೆಂದು ಕೊಟ್ರೇಶ್ ಶೆಟರನ್ನು ಅರ್ಧಕ್ಕೆ ಇಳಿಸಿಕೊಂಡು ಒಳಗೆ ಬೆಸೆಯುತ್ತಿದ್ದ. "ಬರ್ರಿ ಭಾವ, ಕುಂತ್ಕಳ್ರಿ," ಎಂದು ಸ್ಟೂಲು ಒರೆಸಿದ. ಆ ಹೊಗೆಯಲ್ಲಿ ಮುರುಗಪ್ಪನಿಗೆ ಉಸಿರೇ ಹೊರಡಲಿಲ್ಲ. ಡಾಕ್ಟರು ಹೇಳಿದ್ದನ್ನೆಲ್ಲ ನಾನೇ ಹೇಳಬೇಕಾಯಿತು. ಹೊಗೆ ಹೊರಗೆ ಎಳೆಯುವ ಫ್ಯಾನು ಕೂರಿಸುವವರೆಗೆ ಶಾಪು ಮುಚ್ಚು, ಆಮೇಲೂ ಮಾಸ್ಕ್ ಹಾಕಿಕೊಂಡೇ ಕೂರು ಎಂದೆ. ಕೊಟ್ರೇಶ್ ಭಾವನ ಮುಖ ನೋಡಿದ. ಭಾವ ಕೈ ಮುಗಿದ. ಯಾರಿಗೂ ತಲೆಬಾಗದ ಮನುಷ್ಯ ಮಗನ ವಯಸ್ಸಿನವನಿಗೆ ಕೈ ಮುಗಿದಿದ್ದ. ಕೊಟ್ರೇಶ್ ಶೆಟರ್ ಎಳೆದು ಬೀಗ ಹಾಕಿದ.

ಫ್ಯಾನಿನವನು ಇವತ್ತು ನಾಳೆ ಎಂದ. ಗಿರಾಕಿಗಳು ಗೇಟು ಬೇಕೆಂದು ಕೊಟ್ರೇಶನ ಬಾಗಿಲಲ್ಲಿ ಕೂತರು. ಅದೇ ವಾರ ಕೊಟ್ರೇಶ್ ಫೋನು ಮಾಡಿದ. ಮುರುಗಪ್ಪನ ಮಂಚದ ಪಕ್ಕ ಕೂತಿದ್ದ ನಾನು ಸ್ಪೀಕರಿಗೆ ಹಾಕಿದೆ.

"ಭಾವ, ನಿನ್ನೆ ಶಾಪು ತೆಗ್ದೆ, ಸಂಜೀಗೆ ಜ್ವರ ಬಂತು ನೋಡ್ರಿ! ಇಷ್ಟು ವರ್ಷ ಇಲ್ದಿದ್ದು, ನಾಕು ದಿನ ಮುಚ್ಚಿದ್ದಕ್ಕೇ ಬಂತು. ನೀವು ಮೊದ್ಲು ಹೇಳಿದ್ದೇ ಸರಿ. ಆ ಡಾಕ್ಟ್ರಿಗೇನು ಗೊತ್ತು?"

"ಬ್ಯಾಡ..." ಎಂದ ಮುರುಗಪ್ಪ. ಉಳಿದದ್ದನ್ನು ಕೆಮ್ಮು ನುಂಗಿತು.

"ನೀವು ಮಾತಾಡಬ್ಯಾಡ್ರಿ, ಸುಧಾರಿಸ್ಕಳ್ರಿ," ಎಂದ ಕೊಟ್ರೇಶ್. ಅವನ ಹಿಂದೆ ಚರಚರ ಸದ್ದು ಕೇಳುತ್ತಿತ್ತು.

"ಜ್ವರದಾಗೂ ಕೆಲಸಕ್ಕೆ ಕುಂತೀಯೇನಲೇ?" ಎಂದು ನಾನು ಕೂಗಿದೆ.

"ಹ್ಞೂಂ ಅಣ್ಣ. ಬೆಳಿಗ್ಗೆಯಿಂದ ಹೊಗೆ ತಗಂಡೆ ನೋಡು, ಆಗ್ಲೇ ಜ್ವರ ಇಳೀತಾ ಐತೆ," ಎಂದ.