ಕೆಂಪು ಶಾಯಿಯ ಮೂರು ಪ್ರೂಫ್‌ಗಳು

ಹೊಸ ಶತಮಾನದ ಮೊದಲ ವರ್ಷಗಳಲ್ಲಿ ನಾನು ವಡೋದರದ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಉಪಸಂಪಾದಕನಾಗಿದ್ದೆ. ಮಕರಪುರ, ವಟ್ವಾಗಳ ಕಾರ್ಖಾನೆ ಸುದ್ದಿಗಳ ವಾರದ ಪುರವಣಿ ನನ್ನ ಪಾಲಿಗೆ ಬಂದಿತ್ತು. ಗುರುವಾರ ಮಧ್ಯಾಹ್ನ ಮೂರಕ್ಕೆ ಪುಟ ಮುಗಿಯಬೇಕು. ಕೊನೆಯ ಪ್ರೂಫ್ ಓದಿದವನು ತಪ್ಪುಗಳಿಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಕೆಳಗೆ ಸಹಿ ಮಾಡಿ, ಗಂಟೆ ನಿಮಿಷ ಬರೆಯಬೇಕು. ತಪ್ಪು ಅಚ್ಚಾದರೆ ಯಾರನ್ನು ಕೇಳಬೇಕು ಎಂಬುದು ಆ ಸಹಿಯಿಂದ ತೀರ್ಮಾನವಾಗುತ್ತಿತ್ತು.

ಕಂಪ್ಯೂಟರಿನಲ್ಲಿ ಪುಟ ಕಟ್ಟುತ್ತಿದ್ದವರು ಸೂರತ್ತಿನವರು, ನನಗಿಂತ ಹತ್ತು ವರ್ಷ ಹಿರಿಯರು. ಎಲ್ಲರೂ ಅವರನ್ನು ಭಾಯ್ ಎನ್ನುತ್ತಿದ್ದೆವು. ಅವರದು ವರ್ಷಕ್ಕೊಮ್ಮೆ ನವೀಕರಣವಾಗುವ ಕೆಲಸ. ಆ ವರ್ಷವಷ್ಟೇ ಹೆಂಡತಿ ಮಗಳನ್ನು ವಡೋದರಕ್ಕೆ ಕರೆತಂದು, ಮಗಳನ್ನು ಶಾಲೆಗೆ ಸೇರಿಸಿದ್ದರು. ಅದಕ್ಕೆ ಮೊದಲು ಒಂದು ಗುರುವಾರ ಸೂರತ್ತಿಗೆ ಹೋಗಲು ರಜೆ ಕೇಳಿದಾಗ ನಾನು ಒಪ್ಪಿರಲಿಲ್ಲ. ಅದನ್ನು ಅವರು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾರೆ ಎಂದು ನಾನು ನಂಬಿದ್ದೆ.

ಮೊದಲ ಸಲ ಶೀರ್ಷಿಕೆಯಲ್ಲಿ ಮಕರಪುರ ಎಂಬ ಹೆಸರಿನ ಕೊನೆಯ ನಾಲ್ಕು ಇಂಗ್ಲಿಷ್ ಅಕ್ಷರಗಳು ಇರಲಿಲ್ಲ. ಆ ಜಾಗ ಕಪ್ಪಾಗಿಯೂ ಮಸುಕಾಗಿಯೂ ಇರಲಿಲ್ಲ. ಉಳಿದ ಕಾಗದದಷ್ಟೇ ಬೆಳ್ಳಗಿತ್ತು. ಸುತ್ತು ಹಾಕಿ, ಸಹಿ ಮಾಡಿ, ಭಾಯ್‌ಗೆ ಹೇಳಿದೆ. ಅವರು ಪರದೆ ನೋಡಿ, ಅಕ್ಷರ ಎಲ್ಲಿಗೂ ಹೋಗಿಲ್ಲ ಎಂದರು. ಇನ್ನೊಂದು ಪ್ರತಿ ತೆಗೆದುಕೊಡಲು ಒಂದಿಷ್ಟು ಹೊತ್ತು ಹಿಡಿಯಿತು. ಅದರಲ್ಲಿ ಹೆಸರು ಪೂರ್ತಿ ಇತ್ತು. ಗುಟ್ಟಾಗಿ ಸರಿಪಡಿಸಿ ಅಮಾಯಕರಂತೆ ನಿಂತಿದ್ದಾರೆ ಎಂದುಕೊಂಡೆ. ಸುತ್ತು ಹಾಕಿದ ಹಳೆಯ ಪ್ರತಿಯನ್ನು ಮಡಿಚಿ ಚೀಲಕ್ಕೆ ಸೇರಿಸಿದೆ. ಸಾಕ್ಷ್ಯ ಕೈಬಿಡಬಾರದು ಎಂಬುದು ನಮ್ಮ ವೃತ್ತಿ ಕಲಿಸಿದ ಮೊದಲ ಪಾಠ. ಅದನ್ನು ಮತ್ತೆ ಬಿಡಿಸಿ ನೋಡಬೇಕೆಂದು ನನಗೆ ತೋಚಲಿಲ್ಲ.

ಎರಡು ವಾರ ಕಳೆದು ಇನ್ನೊಂದು ಶೀರ್ಷಿಕೆಯಲ್ಲಿ ಹಾಗೆಯೇ ಆಯಿತು; ಸುತ್ತು ಹಾಕಿದ ಆ ಪ್ರತಿಯೂ ಚೀಲ ಸೇರಿತು. ಈ ಸಲ ದನಿ ಎತ್ತಿಯೇ ಕೇಳಿದೆ. ಭಾಯ್ ಕುರ್ಚಿ ತಿರುಗಿಸಿದರು.

"ಇವತ್ತು ಏಕಾದಶಿ, ಸಾಹೇಬ್. ನನಗೆ ಉಪವಾಸ. ನಿಮ್ಮ ಅಕ್ಷರ ನಾನು ತಿಂದಿಲ್ಲ."

ಅಕ್ಕಪಕ್ಕದವರು ನಕ್ಕರು. ಆ ಕೋಣೆಯ ಬೆಳಕೂ ನನಗೆ ಸರಿ ಕಾಣಲಿಲ್ಲ. ಪರದೆಯ ಅಂಚಿನಲ್ಲಿ ಗರಗಸದ ಹಲ್ಲಿನಂಥ ಗೆರೆಯೊಂದು ಮಿನುಗುತ್ತ ದೊಡ್ಡದಾಗುತ್ತಿತ್ತು. ನನ್ನ ಕಣ್ಣು ಕೆಡಿಸಲು ಪರದೆಯನ್ನೂ ಏನೋ ಮಾಡಿಟ್ಟಿದ್ದಾರೆ ಎಂದು ಅನುಮಾನ ಬಂತು. ಸಂಜೆ ತಲೆಯ ಒಂದು ಬದಿ ಸಿಡಿಯುವಂತೆ ನೋಯಿತು. ಅದನ್ನು ಬಿಸಿಲಿನ ಲೆಕ್ಕಕ್ಕೆ ಹಾಕಿದೆ.

ಮೂರನೆಯ ಸಲ ವಟ್ವಾದ ಬಣ್ಣದ ಕಾರ್ಖಾನೆಯ ಚಿತ್ರದ ಕೆಳಗಿನ ಸಾಲಿನಲ್ಲಿ ಒಂದು ಪದ ಕಾಣೆಯಾಯಿತು. ಆ ಪ್ರತಿಯನ್ನೂ ಚೀಲಕ್ಕೆ ಸೇರಿಸಿ, ಸಂಪಾದಕರಿಗೆ ಲಿಖಿತ ದೂರು ಕೊಟ್ಟೆ. ಉದ್ದೇಶಪೂರ್ವಕ ಎಂಬ ಪದ ಬಳಸಿದೆ. ಭಾಯ್ ಅವರ ನವೀಕರಣದ ಕಾಗದ ಸೋಮವಾರ ಸಹಿಗೆ ಬರಲಿದೆ, ಅಷ್ಟರೊಳಗೆ ನಿನ್ನ ಪ್ರೂಫ್‌ಗಳನ್ನು ತಂದುಕೊಡು, ತಪ್ಪು ಸಾಬೀತಾದರೆ ಅವರನ್ನು ಮುಂದುವರಿಸುವುದಿಲ್ಲ ಎಂದರು ಸಂಪಾದಕರು.

ಶನಿವಾರ ನನಗೆ ರಜೆ. ಮಂಜಲ್‌ಪುರದ ನನ್ನ ಬಾಡಿಗೆ ಮನೆಯ ಹತ್ತಿರ ಉಡುಪಿ ಕಡೆಯ ದಂಪತಿಯ ಹೋಟೆಲಿತ್ತು. ಮಧ್ಯಾಹ್ನ ಅಲ್ಲಿ ಕೂತು ಗೋಡೆಯ ತಿಂಡಿ ಪಟ್ಟಿ ನೋಡಿದರೆ, ಮಸಾಲೆ ಇದೆ, ಪಕ್ಕದ ದೋಸೆ ಎಂಬ ಪದ ಇಲ್ಲ, ಬರೀ ಬಿಳಿ ಜಾಗ. ಸ್ವಲ್ಪ ಹೊತ್ತಿಗೆ ಆ ಬಿಳಿ ಜಾಗದ ಸುತ್ತ ಗರಗಸದ ಗೆರೆ ಮೂಡಿ ಮಿನುಗತೊಡಗಿತು. ಗಲ್ಲೆಯಲ್ಲಿ ಕೂತಿದ್ದ ಯಜಮಾನಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ನಿಮ್ಮ ಟ್ಯೂಬ್‌ಲೈಟ್ ಕೆಟ್ಟಿದೆ ಎಂದು ಅವರಿಗೆ ಹೇಳಿದೆ.

"ಟ್ಯೂಬ್‌ಲೈಟ್ ಹಾಕಿಯೇ ಇಲ್ಲ ಮಾರಾಯ್ರೆ. ಹೊರಗೆ ಇಷ್ಟು ಬಿಸಿಲು ಉಂಟು."

ನಾನು ಮೇಲೆ ನೋಡಿದೆ. ದೀಪ ಆರಿಯೇ ಇತ್ತು. ಅವರು ಎದ್ದು ಬಂದು, ಒಂದೊಂದೇ ಕಣ್ಣು ಮುಚ್ಚಿ ನೋಡಲು ಹೇಳಿದರು. ಬಲಗಣ್ಣು ಮುಚ್ಚಿದರೂ ಗೆರೆ ಇತ್ತು, ಎಡಗಣ್ಣು ಮುಚ್ಚಿದರೂ ಇತ್ತು.

"ಎರಡರಲ್ಲೂ ಉಂಟಾದರೆ ಅದು ಕಣ್ಣಿನದ್ದಲ್ಲ, ತಲೆಯದ್ದು. ನನಗೆ ಮದುವೆಗೆ ಮುಂಚಿನಿಂದ ಉಂಟು. ಒಂದೊಂದು ಸಲ ಎದುರಿಗಿದ್ದವರ ಅರ್ಧ ಮುಖವೇ ಇರುವುದಿಲ್ಲ." ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಗಂಡನತ್ತ ನೋಡಿ ಸೇರಿಸಿದರು: "ಇವರದ್ದು ಹೋದರೆ ಬೇಜಾರಿಲ್ಲ. ಗಿರಾಕಿಗಳದ್ದು ಹೋದರೆ ಕಷ್ಟ."

ಇದು ಅರೆತಲೆನೋವಿನ ಮುನ್ಸೂಚನೆ, ಅರ್ಧ ಗಂಟೆಯಲ್ಲಿ ಹೋಗುತ್ತದೆ, ಆಮೇಲೆ ನೋವು ಬರುತ್ತದೆ ಎಂದು ಊರಿನ ಡಾಕ್ಟರು ಅವರಿಗೆ ಹೇಳಿದ್ದರಂತೆ. ನೀವೂ ಡಾಕ್ಟರಿಗೆ ತೋರಿಸಿ ಎಂದರು. ನಾನು ಅವರ ಮಾತನ್ನೂ ಪೂರ್ತಿ ನಂಬಲಿಲ್ಲ. ಗಡಿಯಾರ ನೋಡುತ್ತ ಕೂತೆ. ಇಪ್ಪತ್ತೈದನೆಯ ನಿಮಿಷಕ್ಕೆ ಗೋಡೆಯ ಮೇಲೆ ದೋಸೆ ಮರಳಿ ಬಂತು. ಮನೆ ಮುಟ್ಟುವ ಮೊದಲೇ ನೋವೂ ಬಂತು.

ನೋವು ಇಳಿಯುವವರೆಗೂ ಮಲಗಿದ್ದು, ಭಾನುವಾರ ಬೆಳಿಗ್ಗೆ ಮೂರು ಪ್ರೂಫ್‌ಗಳನ್ನೂ ಹಾಸಿಗೆಯ ಮೇಲೆ ಬಿಡಿಸಿದೆ. ಮೊದಲನೆಯದರಲ್ಲಿ ನನ್ನ ಕೆಂಪು ಸುತ್ತಿನೊಳಗೆ ಮಕರಪುರದ ನಾಲ್ಕು ಅಕ್ಷರಗಳೂ ಸ್ವಚ್ಛವಾಗಿದ್ದವು. ಎರಡನೆಯದರಲ್ಲೂ ಹಾಗೆಯೇ. ಮೂರನೆಯದರಲ್ಲಿ ನಾನು ಇಲ್ಲವೆಂದ ಪದದ ಮೇಲೆಯೇ ನನ್ನ ಶಾಯಿ ಹರಿದಿತ್ತು. ಭಾಯ್ ಇವನ್ನು ಬದಲಿಸಿರಬಹುದೇ ಎಂದು ಆಗಲೂ ಯೋಚಿಸಿದೆ. ಬದಲಿಸಲು ದಾರಿಯಿರಲಿಲ್ಲ. ಮೂರರ ಮೇಲೂ ನನ್ನ ಸಹಿ ಇತ್ತು, ನನ್ನ ಕೈಬರಹದಲ್ಲಿ ಗಂಟೆ ನಿಮಿಷ ಇತ್ತು.

ಸೋಮವಾರ ಬೆಳಿಗ್ಗೆ ಅವನ್ನು ಸಂಪಾದಕರ ಮೇಜಿನ ಮೇಲಿಟ್ಟು, ದೂರು ಹಿಂತೆಗೆದುಕೊಂಡಿದ್ದೇನೆ ಎಂದು ಬರೆದುಕೊಟ್ಟೆ. ಕಾರಣ ಬರೆಯದೆ ಬಿಡಬಹುದಿತ್ತು. ಆದರೆ ಆಗ ಭಾಯ್ ಮೇಲಿನ ಅನುಮಾನ ಕಡತದಲ್ಲಿ ಉಳಿಯುತ್ತಿತ್ತು. ಕಾರಣವನ್ನೂ ಬರೆದೆ. ಸಂಪಾದಕರು ಎರಡು ಸಲ ಓದಿ, ಅಕ್ಷರ ಕಾಣದವನ ಸಹಿಗೆ ಏನು ಬೆಲೆ ಎಂದು ಕೇಳಿದರು. ಭಾಯ್ ಅವರ ಕಾಗದಕ್ಕೆ ನನ್ನೆದುರೇ ಸಹಿ ಹಾಕಿದರು. ಡಾಕ್ಟರಿಗೆ ತೋರಿಸಿಕೊಂಡು ಬಾ, ಇನ್ನು ಮುಂದೆ ನಿನ್ನ ಪುಟವನ್ನು ಇನ್ನೊಬ್ಬರೂ ಓದಬೇಕು ಎಂದರು. ಅಕ್ಕ ಹೇಳಿದ್ದನ್ನೇ ಆ ವಾರ ಡಾಕ್ಟರು ಹೆಚ್ಚು ಪದಗಳಲ್ಲಿ ಹೇಳಿದರು.

ಗುರುವಾರ ನಾನು, ಅಕ್ಕ ಹೇಳಿದ ಅರ್ಧ ಮುಖದ ಮಾತನ್ನೂ ಸೇರಿಸಿ, ನಡೆದದ್ದನ್ನೆಲ್ಲ ಹೇಳಿ ಭಾಯ್ ಅವರ ಕ್ಷಮೆ ಕೇಳಿದೆ. ಅವರು ಪರದೆಯಿಂದ ಕಣ್ಣು ತೆಗೆಯದೆ ಕೇಳಿಸಿಕೊಂಡರು. ಪ್ರೂಫ್ ಕೈಗೆ ಕೊಡುವ ಮೊದಲು ಕೇಳಿದರು:

"ಸಾಹೇಬ್, ಈಗ ನನ್ನ ಮುಖ ಪೂರ್ತಿ ಇದೆಯಾ?"

ಇದೆ ಎಂದೆ. ಓದಿ, ಸಹಿ ಮಾಡಿ, ಗಂಟೆ ನಿಮಿಷ ಬರೆದುಕೊಟ್ಟೆ. ಅವರು ಅದನ್ನು ಜೆರಾಕ್ಸ್ ಮಾಡಿಸಿ ತಂದು, ಒಂದು ಪ್ರತಿಯನ್ನು ಮಡಿಚಿ ತಮ್ಮ ಟಿಫಿನ್ ಚೀಲದೊಳಗೆ ಇಟ್ಟುಕೊಂಡರು. ನಾನು ಆ ಪತ್ರಿಕೆ ಬಿಡುವವರೆಗೂ ಅವರು ಒಂದು ಗುರುವಾರವೂ ಇದನ್ನು ತಪ್ಪಿಸಲಿಲ್ಲ.