ರಹಮತುನ್ನೀಸಾ ಕಿತ್ತ ಎಳೆಗಳು

ಶಿಡ್ಲಘಟ್ಟದ ಒಂದು ಓಣಿಯ ಶಾಖಾ ಗ್ರಂಥಾಲಯಕ್ಕೆ ರಹಮತುನ್ನೀಸಾ ಸಹಾಯಕಿಯಾಗಿ ಸೇರಿ ಹತ್ತೊಂಬತ್ತು ವರ್ಷ. ಅದಕ್ಕೂ ಮುಂಚೆ ಅವರೂ ನೂಲು ಬಿಚ್ಚುತ್ತಿದ್ದವರೇ. ಬಿಸಿನೀರಿನಲ್ಲಿ ತೇಲುವ ರೇಷ್ಮೆಗೂಡುಗಳಿಂದ ಎಳೆ ತೆಗೆದು ತೆಗೆದು ಬೆರಳು ಸವೆಸಿಕೊಂಡವರು. ಹಾಗಾಗಿ ನಾಲ್ಕೂವರೆಗೆ ಅದೇ ಕೆಲಸ ಮುಗಿಸಿ ಓದಲು ಬರುವ ಹೆಂಗಸರ ಮೇಲೆ ಅವರಿಗೆ ತುಸು ಪಕ್ಷಪಾತ. ಅಷ್ಟೂ ಇರದಿದ್ದರೆ ಮನುಷ್ಯರು ಯಾಕಾಗಬೇಕು ಹೇಳಿ.

ಆ ಪಕ್ಷಪಾತವೇ ಈಗ ಕುತ್ತಿಗೆಗೆ ಬಂದಿತ್ತು. ಓದುಗರು ಹೆಬ್ಬೆಟ್ಟು ಒತ್ತಿ ಒಳಗೆ ಬರಲೆಂದು ಹೋದ ವರ್ಷ ಒಂದು ಯಂತ್ರ ಕೂರಿಸಿದ್ದರು. ಅದರ ಲೆಕ್ಕದಲ್ಲಿ ದಿನಕ್ಕೆ ಮೂವತ್ತು ಜನ ಬಾರದ ಶಾಖೆಗೆ ಬೀಗ ಎಂಬ ನಿಯಮ. ಸವೆದ ಬೆರಳನ್ನು ಆ ಯಂತ್ರ ಗುರುತಿಸುತ್ತಿರಲಿಲ್ಲ. ಬೆಂದ ಬೆರಳಿನಲ್ಲಿ ಪೆನ್ನು ಹಿಡಿಯುವುದೂ ಕಷ್ಟ. ಅದಕ್ಕೇ ರಹಮತುನ್ನೀಸಾ ಆ ಹೆಂಗಸರ ಹೆಸರುಗಳನ್ನು ತಾವೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತ ಬಂದಿದ್ದರು.

ತಪಾಸಣೆಗೆ ಬಂದ ಅಧಿಕಾರಿ ಚನ್ನಕೇಶವ ಆ ನೋಟ್‌ಬುಕ್ಕನ್ನು ತಿರುವಿಹಾಕಿದರು. "ಎಲ್ಲಾ ಒಂದೇ ಕೈಬರಹ ಇದೆಯಲ್ಲಮ್ಮ. ಯಂತ್ರದಲ್ಲಿ ಒಂಬತ್ತು ಜನ, ಇದರಲ್ಲಿ ನಲವತ್ತು. ಯಾರು ನಂಬ್ತಾರೆ?"

"ಬರ್ತಾರೆ ಸಾರ್. ಸ್ವಲ್ಪ ಹೊತ್ತು ಕೂತ್ಕೊಳ್ಳಿ."

ಅಧಿಕಾರಿ ಕೂತರು, ಆದರೆ ಸುಮ್ಮನೆ ಕೂರಲಿಲ್ಲ. ವರದಿಯಲ್ಲಿ 'ಸುಳ್ಳು ದಾಖಲೆ' ಎಂದು ಬರೆದೇಬಿಟ್ಟರು. ಮೇಜಿನಾಚೆ ನಿಂತಿದ್ದ ರಹಮತುನ್ನೀಸಾಗೆ ಆ ಎರಡು ಪದ ತಲೆಕೆಳಗಾಗಿ ಕಂಡವು. ನೌಕರಿ ಹೋದರೆ ಹೋಗಲಿ, ಬಾಗಿಲು ಮುಚ್ಚಿದರೆ ಆ ಹೆಂಗಸರು ಎಲ್ಲಿ ಕೂತು ಓದುತ್ತಾರೆ?

ಆಗ ನೆನಪಾಯಿತು ನೋಡಿ, ಎಳೆಗಳು. ಓದು ನಿಲ್ಲಿಸಿದ ಪುಟದಲ್ಲಿ ಒಂದು ರೇಷ್ಮೆ ಎಳೆ ಇಟ್ಟು ಹೋಗುವುದು ಆ ಹೆಂಗಸರ ರೂಢಿ. ಒಬ್ಬೊಬ್ಬರದೂ ಒಂದೊಂದು ಬಗೆಯ ಗಂಟು. ಕಪಾಟಿನ ತುಂಬ ಪುಸ್ತಕಗಳಿಂದ ಆ ಎಳೆಗಳು ಇಳಿಬಿದ್ದಿರುತ್ತಿದ್ದವು. ಅದಕ್ಕಿಂತ ಸಾಕ್ಷಿ ಇನ್ನೇನು ಬೇಕಿತ್ತು? ಆದರೆ ಸಾಹೇಬರು ಬರುತ್ತಾರೆ, ಚೊಕ್ಕಟವಾಗಿರಲಿ ಎಂದು ಬೆಳಿಗ್ಗೆ ತಾವೇ ಕೂತು ಅಷ್ಟನ್ನೂ ಕಿತ್ತು ಕಸದ ಬುಟ್ಟಿಗೆ ಹಾಕಿದ್ದರು. ಈಗ ಬುಟ್ಟಿ ತೋರಿಸಿದರೆ ಕಸ ಎನ್ನುತ್ತಾರೆ, ಅಷ್ಟೇ.

ಐದಾಗುತ್ತ ಬಂತು. ಯಾರ ಸುಳಿವೂ ಇಲ್ಲ. ಚನ್ನಕೇಶವ ಚೀಲ ಹೆಗಲಿಗೇರಿಸಿ ಎದ್ದು ನಿಂತರು.

ಹೊರಗೆ ಚಪ್ಪಲಿ ಬಿಟ್ಟ ಸದ್ದಾಯಿತು. ನೂಲು ಬಿಚ್ಚುವ ಕೆಲಸ ಮುಗಿಸಿ ಬಂದ ಆಂಜಿನಮ್ಮ, ಅವರ ಹಿಂದೆ ಒಂದಷ್ಟು ಹೆಂಗಸರು. ಆಂಜಿನಮ್ಮ ಯಂತ್ರವನ್ನೂ ನೋಡಲಿಲ್ಲ, ಅಧಿಕಾರಿಯನ್ನೂ ನೋಡಲಿಲ್ಲ. ಸೀದಾ ಕಪಾಟಿಗೆ ಹೋಗಿ ಒಂದು ಪತ್ತೇದಾರಿ ಕಾದಂಬರಿ ತೆಗೆದರು, ಹಿಂದೆ ಮುಂದೆ ತಿರುಗಿಸಿದರು, ಜಾಡಿಸಿದರು.

"ರಹಮತಕ್ಕ, ನನ್ನ ಎಳೆ ಎಲ್ಲಿ?"

ರಹಮತುನ್ನೀಸಾ ಕಸದ ಬುಟ್ಟಿಯತ್ತ ಕೈ ತೋರಿಸಿದರು.

"ಕಿತ್ತಾಕಿದ್ಯಾ? ಏನಕ್ಕಾ ನೀನು, ಬುದ್ಧಿ ಇರೋರು ಮಾಡೋ ಕೆಲ್ಸಾನಾ ಇದು? ಕೊಲೆ ಮಾಡ್ದೋನು ಆ ಕಾಂಪೌಂಡರ್ರೋ, ಅಣ್ಣನೋ ಅಂತ ಗೊತ್ತಾಗೋ ಜಾಗಕ್ಕೆ ಬಂದಿದ್ದೆ. ಈಗ ಎಲ್ಲಿಂದ ಹುಡುಕಲಿ?"

"ನಂದೂ ಇಲ್ಲ," ಎಂದರು ಇನ್ನೊಬ್ಬರು. "ನಂದೂನು." ಕಪಾಟಿನ ಮುಂದೆ ದೊಡ್ಡ ತಕರಾರೇ ಎದ್ದಿತು.

ಚನ್ನಕೇಶವ ಚೀಲ ಕೆಳಗಿಟ್ಟರು. ಪುಟ ಮಗುಚುತ್ತಿದ್ದ ಆಂಜಿನಮ್ಮನ ಬೆರಳುಗಳನ್ನು ನೋಡಿದರು. ತುದಿ ಬೆಳ್ಳಗಾಗಿ ಸುಕ್ಕುಗಟ್ಟಿತ್ತು, ಗೆರೆಯೇ ಇರಲಿಲ್ಲ. ಕೂತು, ಬರೆದಿದ್ದ ಎರಡು ಪದಗಳ ಮೇಲೆ ಗೀಟು ಎಳೆದರು. "ಇನ್ಮೇಲೆ ಹೆಸರಿನ ಮುಂದೆ ಪುಸ್ತಕ, ಪುಟ ಎರಡೂ ಬರ್ಕೊಳ್ಳಿ ಅಮ್ಮ. ಶಾಖೆ ನಡೀತಿದೆ ಅಂತ ನಾನು ಬರೀತೀನಿ."

ರಹಮತುನ್ನೀಸಾಗೆ ಅಳುವೇ ಬಂದುಬಿಟ್ಟಿತು. ಆಂಜಿನಮ್ಮನಿಗೆ ಮಾತ್ರ ಸಿಟ್ಟು ಇಳಿದಿರಲಿಲ್ಲ.

"ಅದೆಲ್ಲ ಆಮೇಲೆ ಬರೀರಿ ಸಾರ್. ಮೊದ್ಲು ನನ್ನ ಪುಟ ಹುಡುಕ್ಕೊಡು ಅಂತ ಆಯಮ್ಮಂಗೆ ಹೇಳಿ."