ಒಂಟಿಗೈ ಮಣೆ

ಕಾಲೇಜಿನ ವರ್ಕ್‌ಶಾಪ್ ಮೇಸ್ತ್ರಿಗೆ ಹುಡುಗರು ಇಟ್ಟ ಹೆಸರು ಕೂದಲೆಳೆ. ಕೆಲಸದಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಅವನಿಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಇಪ್ಪತ್ತಾರು ವರ್ಷ ಒಂದೇ ಲೇಥಿನ ಮುಂದೆ ನಿಂತು ಸವೆದ ಜೀವ. ಪ್ರತಿ ವರ್ಷ ಸ್ಟಾರ್ಟಪ್ ಸ್ಪರ್ಧೆ ಹತ್ತಿರ ಬಂತೆಂದರೆ ಸಾಕು, ಹೊಸ ವ್ಯಾಪಾರದ ಕನಸು ಹೊತ್ತ ಹುಡುಗರು ಗೀಚಿದ ಕಾಗದ ಹಿಡಿದು ಬಂದು ಅವನ ಮುಂದೆ ಹಲ್ಲು ಗಿಂಜುತ್ತಿದ್ದರು. ಮಾದರಿಯನ್ನು ಸ್ಪರ್ಧಿಗಳೇ ಸ್ವತಃ ತಯಾರಿಸಬೇಕೆಂಬ ನಿಯಮ ಗೋಡೆಯ ಮೇಲೆ ಅಂಟಿಕೊಂಡಿರುತ್ತಿತ್ತು, ಅಷ್ಟೆ. ಮೈಮುರಿದು ಮಾಡುವವನು ಇವನು, ಕಪ್ ಎತ್ತುವವರು ಅವರು.

ಈ ಸಲ ಅದೇ ಕಾಲೇಜಿನಲ್ಲಿ ಓದುವ ಅವನ ಮಗಳ ಸರದಿ. ಕೊನೆಯ ವರ್ಷದವಳು, ಇನ್ನೊಂದು ಅವಕಾಶವಿಲ್ಲ. ಗೆದ್ದರೆ ಕಾಲೇಜೇ ಒಂದು ವರ್ಷ ಕೋಣೆ, ಯಂತ್ರ, ಸಂಬಳ ಎಲ್ಲ ಕೊಡುತ್ತಿತ್ತು. ಸೋತರೆ ಸೋದರಮಾವ ನೋಡಿಟ್ಟ ಬಟ್ಟೆ ಅಂಗಡಿಯ ಬಿಲ್ ಕೌಂಟರು. ಲಕ್ವ ಹೊಡೆದು ಎಡಗೈ ಬಿದ್ದುಹೋದ ಅಮ್ಮ ಯಾರನ್ನೂ ಕಾಯದೆ ತರಕಾರಿ ಹೆಚ್ಚಿಕೊಳ್ಳಲಿ ಎಂದು ಮಗಳು ಒಂದೇ ಕೈಯಲ್ಲಿ ಬಳಸುವ ಮಣೆಯ ನಕ್ಷೆ ಬರೆದಿದ್ದಳು. ಮೇಸ್ತ್ರಿ ಕೊಯ್ದ, ಕೊರೆದ, ಉಜ್ಜಿದ.

"ಸ್ಪರ್ಧೆ ದಿನ ನೀನು ಅಲ್ಲಿಗೆ ಬರ್ಬೇಡ ಅಪ್ಪ," ಎಂದಳು ಮಗಳು.

"ಹಿಂದ್ಗಡೆ ಗೋಡೆ ಥರ ನಿಂತಿರ್ತೀನಿ. ಗೋಡೆಗೆ ಬಾಯಿ ಇರುತ್ತಾ?"

ಸಭಾಂಗಣದಲ್ಲಿ ಅವಳು ತಡವರಿಸದೆ ಮಾತಾಡಿದಳು. ಒಂದೇ ಕೈಯಲ್ಲಿ ಕ್ಯಾರೆಟ್ ಹೆಚ್ಚಿ ತೋರಿಸಿದಾಗ ತೀರ್ಪುಗಾರರು ಮುಂದಕ್ಕೆ ಬಾಗಿದರು. ಮೇಸ್ತ್ರಿಯ ಎದೆ ಉಬ್ಬಿತು. ತೀರ್ಪುಗಾರರಲ್ಲಿ ಒಬ್ಬರು, ಕಾರ್ಖಾನೆಯ ಮಾಲೀಕರು, ಮಣೆಯನ್ನು ಮೇಜಿನ ಮೇಲಿಟ್ಟು ಕಣ್ಣು ಕಿರಿದಾಗಿಸಿ ನೋಡಿದರು.

"ಒಂದು ಕಡೆ ಕಾಲು ಗಿಡ್ಡ ಇದೆಯಲ್ಲಮ್ಮ. ಕಲಿಯೋರ ಕೈ, ಇರ್ಲಿ ಬಿಡು. ಯಾಕೆ ಹಾಗಾಯ್ತು?"

ಗಿಡ್ಡ ಎಂಬ ಮಾತು ಕೇಳಿದ್ದೇ ಮೇಸ್ತ್ರಿಗೆ ಮೈಯೆಲ್ಲ ಉರಿಯಿತು.

"ಗಿಡ್ಡ ಅಲ್ಲ ಸಾರ್. ನೀರು ಒಂದು ಕಡೆ ಇಳೀಲಿ ಅಂತ ಬೇಕಂತ್ಲೇ ಮೂರು ಮಿಲಿಮೀಟರ್ ತೆಗೆದಿರೋದು."

ಎಲ್ಲರೂ ಹಿಂದಕ್ಕೆ ತಿರುಗಿದರು.

"ನೀವ್ಯಾರು?"

"ವರ್ಕ್‌ಶಾಪ್ ಮೇಸ್ತ್ರಿ."

"ಇದನ್ನ ಮಾಡಿದ್ದು ನೀವಾ?"

ಮೇಸ್ತ್ರಿ ಮಗಳ ಮುಖ ನೋಡಿದ. ಮಾಲೀಕರು ಸಿಟ್ಟಾಗಲಿಲ್ಲ, ಬೇಸರದಿಂದಲೇ ಅವಳ ಅರ್ಜಿಯನ್ನು ಪಕ್ಕಕ್ಕಿಟ್ಟರು. ಮೊದಲ ಬಹುಮಾನ ಗಿಡಕ್ಕೆ ನೀರುಣಿಸುವ ಯಂತ್ರಕ್ಕೆ ಹೋಯಿತು. ಅದರ ಪ್ರತಿ ತಿರುಪನ್ನೂ ಹಿಂದಿನ ವಾರ ಬಿಗಿದವನು ಕೂದಲೆಳೆಯೇ. ಅವನೂ ಚಪ್ಪಾಳೆ ತಟ್ಟಿದ, ಇನ್ನೇನು ತಾನೆ ಮಾಡಿಯಾನು.

ಬಸ್ ನಿಲ್ದಾಣದವರೆಗೂ ಮಗಳು ಮಣೆಯನ್ನು ಕಂಕುಳಲ್ಲಿ ಅವುಚಿಕೊಂಡು ಎರಡು ಹೆಜ್ಜೆ ಮುಂದೆಯೇ ನಡೆದಳು.

"ನಿನ್ನ ಕೆಲಸಕ್ಕೆ ಕುಂದು ಬರಬಾರ್ದು ಅಂತ ಹೇಳ್ಬಿಟ್ಟೆ ಕಣೇ," ಎಂದ.

"ಉತ್ತರ ನನ್ನ ಹತ್ರ ಇತ್ತು ಅಪ್ಪ. ಹೇಳೋಕೆ ಬಾಯಿ ತೆಗ್ದಿದ್ದೆ." ಅವಳು ರಸ್ತೆಯನ್ನೇ ನೋಡುತ್ತಿದ್ದಳು. "ಮೂರು ಮಿಲಿಮೀಟರ್ ತೆಗಿ ಅಂತ ನಿಂಗೆ ಹೇಳಿದ್ದೇ ನಾನು. ಬೇಡ, ವಕ್ರ ಕಾಣುತ್ತೆ ಅಂತ ನೀನು ಎರಡು ದಿನ ಜಗಳ ಆಡ್ದೆ."

ಹೌದಲ್ಲ, ಆಡಿದ್ದ. ಅಲ್ಲಿ ನಿಂತು ಹೇಳುವಾಗ ಅದು ತನ್ನದೇ ಯೋಚನೆ ಎಂದು ಅವನು ಮನಸಾರೆ ನಂಬಿದ್ದ. ಬಟ್ಟೆ ಅಂಗಡಿಯವರು ಸೋಮವಾರವೇ ಬಾ ಎಂದರು, ಅವಳು ಹೋದಳು.